ಕಡಲೆಕಾಯಿಯ ಸ್ವರಕ್ಷಣೆಯೂ ಬೂಷ್ಟಿನ ವಿಷವೂ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿ ಮಾಡುವ ಬೇಸಾಯದಲ್ಲಿ ಕಡಲೆಕಾಯಿಯು ಮುಖ್ಯವಾದುದು. ಈ ಕಾಯಿಯು ಭೂಮಿಯೊಳಗೇ ಬಲಿಯುವುದರಿಂದ ಮಣ್ಣಿನ ಬೂಷ್ಟುಗಳ ನಡುವೆಯೇ ಇರಬೇಕಾಗುವುದು. ಹೀಗಿದ್ದರೂ ಹಸಿಯಾದ ಎಳೆಯ ಬೀಜವು ಸುಲಭವಾಗಿ ಕೆಡುವುದಿಲ್ಲ. ಗೆದ್ದಲು ಕಚ್ಚಿದ ಅಥವಾ ಬೂಷ್ಟು ತಗುಲಿದ ಸ್ಥಳದಲ್ಲಿ ಬೀಜವು ಸ್ಟಿಲ್ಬೀನ್ ಎಂಬ ಜಾತಿಯ ವಸ್ತುಗಳನ್ನು ತಾನೇ ಉತ್ಪತ್ತಿಮಾಡಿ ಬೂಷ್ಟಿನ ಬೆಳವಣಿಗೆಯನ್ನು ತಡೆಯುವುದು. ಇವು ಬಹುಮಟ್ಟಿಗೆ ಮೊದಲೇ ಕೂಡಿಟ್ಟ ಔಷಧವಲ್ಲ; ಪೆಟ್ಟು ಬಿದ್ದ ಮೇಲೆ ಹುಟ್ಟತಕ್ಕವು.

ಆದರೆ ಇವು ಹುಟ್ಟಬೇಕಾದರೆ ಬೀಜದಲ್ಲಿ ಸಾಕಷ್ಟು ನೀರಿರಬೇಕು. ಹುಬ್ಬೆ, ಉತ್ತರೆ ಮಳೆಗಳು ತಪ್ಪಿ, ಕೀಳುವುದಕ್ಕೆ ಮುಂಚಿನ 3ರಿಂದ 6 ವಾರಗಳು ನೆಲವು ಒಣಗಿ ಕಾದರೆ ಬೀಜದ ನೀರು ಇಳಿದು ಈ ಶಕ್ತಿಯು ನಿಂತುಹೋಗುವುದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿಹಸುರಿನ ಬೂಷ್ಟಿಗಾದರೋ ಉಳಿದಷ್ಟು ತೇವವೇ ಸಾಕು. 30 ಡಿಗ್ರಿ ಸೆಂಟಿಗ್ರೇಡಿನ ಸಮೀಪದ ಶಾಖವೂ ಅದಕ್ಕೆ ಹಿತ. ಬಲಿತ ಬೀಜಕ್ಕೆ ಬೇರೆ ತಡೆಗಳೂ ಉಂಟು. ಎಳೆಯ ಬೀಜವು ಬೇಗನೆ ನೀರನ್ನು ಕಳೆದುಕೊಳ್ಳುವುದರಿಂದ ಬರಗಾಲದಲ್ಲಿ ಮೊದಲು ಸೋಲುವುದು ಅದೇ.

ಈ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಈ ವಿಷದಿಂದಲೇ. ಇದು ಪಿತ್ತಜನಕಾಂಗವನ್ನು ಕೆಡಿಸುವುದು. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗದು. ಗಾಣದಲ್ಲಿ ಅರೆದಾಗ ಸ್ವಲ್ಪ ಭಾಗ ಎಣ್ಣೆಗೆ ಸೇರಿದರೂ ಹೆಚ್ಚಿನದು ಹಿಂಡಿಯಲ್ಲಿ ನಿಲ್ಲುವುದು. ಆ ಹಿಂಡಿಯನ್ನು ತಿಂದ ಹಸು ಎಮ್ಮೆಗಳ ಹಾಲಿನ ಮೂಲಕ ಅದು ಮನೆಯ ಮಕ್ಕಳನ್ನೂ ಮುಟ್ಟುವುದು.

ಬಾವಿಯ ನೀರು ಸ್ವಲ್ಪವೇ ಇದ್ದರೆ ಕಾಯಿ ತುಂಬುವ ಕಡೆಯ ದಿನಗಳಿಗೆ ಒಂದು ತಡವೆಯಾದರೂ ಉಳಿಸಿಕೊಳ್ಳುವುದು ಮೇಲು. ಒಣಗಿದ ನೆಲ ಗಟ್ಟಿಯಾಗಿ ಕಾಯಿ ಕಿತ್ತುಬರುವುದಿಲ್ಲವೆಂದು ರೈತರು ಮಳೆಗಾಗಿ ಕಾಯುವುದುಂಟು. ಅದು ಸಹಜವೇ ಸರಿ. ಆದರೆ ಸಿಪ್ಪೆಯ ಒಳಮೈ ಕಪ್ಪಾದ ಮೇಲೆ ಕಳೆಯುವ ಪ್ರತಿದಿನವೂ ಬೂಷ್ಟಿಗೆ ಲಾಭ. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಮಗುಚಿ ಒಣಗಿಸಿ, ಬೀಜದ ತೇವವು ನೂರಕ್ಕೆ 8 ಭಾಗಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬತಕ್ಕದ್ದು. ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಡಬೇಕು. ಸುಕ್ಕಿದ, ತೂತಾದ, ಬಣ್ಣಗೆಟ್ಟ ಬೀಜಗಳನ್ನು ತೂಕಕ್ಕೆ ಸೇರಿಸುವ ಆಸೆಯಿಂದ ಗಾಣಕ್ಕೆ ಕಳುಹಿಸದೆ, ದನಗಳಿಗೂ ಹಾಕದೆ, ಆರಿಸಿ ಹೂಳತಕ್ಕದ್ದು.