ಲೈಟ್ ಆರಿಸದೆ ತೋರಿಸಿದ ತೋಳ

1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಇನ್ನೂ ನೋಡಿಲ್ವಾ? ಇವತ್ತು ರಾತ್ರಿನೇ ನೋಡಿ.

ಇಂಗ್ಲೆಂಡಿನ ಬಟಾಬಯಲಲ್ಲಿ ಇಬ್ಬರು ಅಮೆರಿಕನ್ ಹುಡುಗರ ಮೇಲೆ ತೋಳ ಎರಗುತ್ತೆ. ಡೇವಿಡ್ ಉಳೀತಾನೆ, ಜಾಕ್ ಸಾಯ್ತಾನೆ. ಆದರೆ ಸತ್ತ ಜಾಕ್ ಸುಮ್ಮನಿರಲ್ಲ! ಸೀದಾ ಆಸ್ಪತ್ರೆಗೆ ಬಂದು, ಗೆಳೆಯನ ಹತ್ರ ಒಂದು ತುಂಡು ಟೋಸ್ಟ್ ಕೇಳ್ತಾನೆ. ಮಾತಾಡ್ತಿದ್ರೆ ಹರಿದ ಕತ್ತಿನ ಚರ್ಮ ಅಲ್ಲಾಡ್ತಿರುತ್ತೆ. ನಗು ಬರುತ್ತೆ, ಹೊಟ್ಟೇನೂ ತೊಳಸುತ್ತೆ.

ಇನ್ನು ಡೇವಿಡ್ ತೋಳವಾಗೋ ಆ ರೂಪಾಂತರ! ನಿರ್ದೇಶಕ ಜಾನ್ ಲ್ಯಾಂಡಿಸ್ ಅದನ್ನ ಕತ್ತಲಲ್ಲಿ ಬಚ್ಚಿಡಲಿಲ್ಲ. ದೀಪ ಉರಿಯೋ ಕೋಣೆಯಲ್ಲೇ ಅಂಗೈ ಉದ್ದವಾಗುತ್ತೆ, ಬೆನ್ನುಮೂಳೆ ಉಬ್ಬುತ್ತೆ, ಮೂತಿ ಮುಂದಕ್ಕೆ ಚಾಚುತ್ತೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಎಲ್ಲ ಮೇಕಪ್ ಕಲಾವಿದ ರಿಕ್ ಬೇಕರ್ ಕೈಚಳಕ: ಒಳಗಿನಿಂದ ಹಿಗ್ಗಿಸೋ ಕೃತಕ ಕೈ, ಕೃತಕ ತಲೆ. ಕೂದಲು ಚಿಗುರೋ ಶಾಟ್? ಕೂದಲನ್ನ ಒಳಕ್ಕೆ ಎಳೆದು ಶೂಟ್ ಮಾಡಿ, ರೀಲನ್ನ ಉಲ್ಟಾ ಓಡಿಸಿದ್ರು! ಹಿಂದೆ ಸ್ಯಾಮ್ ಕುಕ್ ಮೆಲ್ಲಗೆ ‘ಬ್ಲೂ ಮೂನ್’ ಹಾಡ್ತಿರ್ತಾರೆ. ಆ ಸಿಹಿ ದನಿಯಿಂದಲೇ ಡೇವಿಡ್ ಚೀರಾಟ ಇನ್ನಷ್ಟು ಕರುಳು ಹಿಂಡುತ್ತೆ.

ಮೇಕಪ್‌ಗೆ ಅಂತ ಆಸ್ಕರ್ ಸ್ಪರ್ಧೆ ಶುರುವಾದ ಮೊದಲ ವರ್ಷವೇ ಬೇಕರ್ ಗೆದ್ದರು. ಗೆಲ್ಲಲೇಬೇಕಿತ್ತು.

ಲಂಡನ್ನಿನ ಪಿಕಾಡಿಲಿಯ ಥಿಯೇಟರಿನಲ್ಲಿ ಡೇವಿಡ್ ಕೊಂದವರೆಲ್ಲ ಸಾಲಾಗಿ ಕೂತು ಅವನಿಗೇ ಸಲಹೆ ಕೊಡ್ತಾರೆ. ಆ ಸೀನ್ ಮಾತ್ರ ಮಿಸ್ ಮಾಡ್ಬೇಡಿ.