ಕಪ್ಪು ಮೈಬಣ್ಣಕ್ಕೆ ಕೆಂಪು ಲಿಪ್‌ಸ್ಟಿಕ್: ಆಯ್ಕೆ ಹೇಗೆ, ಬಳಕೆ ಹೇಗೆ?

ಹಿಂದೂಪುರದ ಪೇಟೆಯಲ್ಲಾಗಲಿ ಕಲ್ಯಾಣದುರ್ಗದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಫ್ಯಾನ್ಸಿ ಅಂಗಡಿಗೆ ಹೋಗಿ ಕೆಂಪು ಲಿಪ್‌ಸ್ಟಿಕ್ ಕೇಳುವ ಕಪ್ಪು ಮೈಬಣ್ಣದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಿಗುವ ಉತ್ತರವೊಂದಿದೆ: ‘ಇದು ನಿಮಗೆ ಒಪ್ಪುವುದಿಲ್ಲ, ಕಂದು ಬಣ್ಣದ್ದು ನೋಡಿ.’ ಹೇಳುವವರಲ್ಲಿ ದುರುದ್ದೇಶವಿರುವುದಿಲ್ಲ. ಕೇಳಿಸಿಕೊಂಡವರು ವಾದಕ್ಕಿಳಿಯದೆ ಕಂದು ಬಣ್ಣದ್ದನ್ನೇ ಕೊಂಡು ಹೊರಡುತ್ತಾರೆ. ಮುಂದೆ ತಮ್ಮ ಮದುವೆಯ ದಿನವೂ ಅದೇ ಮಾತನ್ನು ನಂಬುತ್ತಾರೆ. ಆದರೆ ಆ ಸಲಹೆಯೇ ತಪ್ಪು.

ನಮ್ಮ ಮನೆಗಳಲ್ಲಿ ಕೆಂಪು ಬಣ್ಣ ಎಂದೂ ಬಿಳಿಯ ಮುಖಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಎಣ್ಣೆಗಪ್ಪು ಹಣೆಯ ಮೇಲೆ ಕಾಸಿನಗಲ ಕುಂಕುಮ ಇಟ್ಟುಕೊಂಡ ಅಜ್ಜಿಯನ್ನು ಕಂಡು ‘ಈ ಬಣ್ಣ ನಿಮಗೆ ಒಪ್ಪದು’ ಎಂದವರುಂಟೇ? ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿಯ ನೀರು ಕೆಂಪಾಗುತ್ತದೆ. ಅಡಿಕೆಗೆ ಸುಣ್ಣ ಸೇರಿದರೆ ತುಟಿ ಕೆಂಪಾಗುತ್ತದೆ. ತಾಂಬೂಲದಿಂದ ಕೆಂಪೇರಿದ ತುಟಿಯನ್ನು ಚೆಲುವಿನ ಗುರುತೆಂದು ಕಂಡ ನಾಡಿದು. (ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವುದರಿಂದ ಆ ದಾರಿಯನ್ನು ಇಂದು ಯಾರಿಗೂ ಸೂಚಿಸಲಾಗದು.) ಮಹಾಭಾರತದ ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ. ಕಪ್ಪನ್ನು ಕೊರತೆಯೆಂದು ಮಾರುವ ವ್ಯಾಪಾರ ತೀರ ಈಚಿನದು. ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಅದು ಕೈಬಿಟ್ಟದ್ದು 2020ರಲ್ಲಿ.

ಹಾಗಾದರೆ ಕೆಲವು ಕೆಂಪುಗಳು ಕಪ್ಪು ಮುಖದ ಮೇಲೆ ನಿಜವಾಗಿಯೂ ಕೆಟ್ಟು ಕಾಣುವುದೇಕೆ? ಕಾರಣ ಕೆಂಪಿನಲ್ಲಿಲ್ಲ, ಅದರೊಡನೆ ಬೆರೆತ ಬಿಳಿಯಲ್ಲಿದೆ. ತಿಳಿ ಬಣ್ಣಗಳನ್ನು ತಯಾರಿಸಲು ಲಿಪ್‌ಸ್ಟಿಕ್‌ಗೆ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ವರ್ಣದ್ರವ್ಯವನ್ನು ಬೆರೆಸುತ್ತಾರೆ. ಬಿಳಿಯ ಚರ್ಮದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಚರ್ಮದ ಮೇಲೆ ಬೂದಿ ಬಳಿದಂತೆ ಎದ್ದು ಕಾಣುತ್ತದೆ. ಎರಡನೆಯ ಕಾರಣ ಪದರದ ತೆಳುವು. ತೆಳ್ಳಗೆ ಹಚ್ಚಿದ ಬಣ್ಣದ ಮೂಲಕ ತುಟಿಯ ಸ್ವಂತ ಬಣ್ಣವೂ ಇಣುಕುತ್ತದೆ, ಎರಡೂ ಬೆರೆತು ಕೆಸರಿನಂತಾಗುತ್ತದೆ. ಆದ್ದರಿಂದ ಕಪ್ಪು ಮೈಬಣ್ಣದವರು ಹುಡುಕಬೇಕಾದದ್ದು ಅಂಜಿಕೆಯ ಕೆಂಪನ್ನಲ್ಲ, ಬಿಳಿ ಬೆರೆಯದ, ಒಂದೇ ಸಲಕ್ಕೆ ತುಂಬಿ ನಿಲ್ಲುವ ಗಾಢ ಕೆಂಪನ್ನು.

ಮೈಬಣ್ಣದ ಒಳಛಾಯೆಯನ್ನೂ ಗಮನಿಸಬೇಕು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಡಬ್ಬಿಯ ಮೇಲೆ ಇಂಗ್ಲಿಷ್ ಎಂಬ ಗಡಿಯ ಬದುಕಿನಲ್ಲಿ ಮೈಬಣ್ಣದ ಮಾತುಗಳಿಗೇನೂ ಬಡತನವಿಲ್ಲ. ನಾವು ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿಬಣ್ಣ ಎನ್ನುತ್ತೇವೆ. ತೆಲುಗರು ಚಾಮನಛಾಯ ಎನ್ನುತ್ತಾರೆ. ಕಪ್ಪಿನೊಳಗೂ ಹಳದಿ ಹೊಳಪಿನದು, ಕೆಂಪು ಹೊಳಪಿನದು, ನೀಲಿ ಹೊಳಪಿನದು ಎಂಬ ಭೇದಗಳಿರುವುದನ್ನು ಈ ಪದಗಳು ಆಗಲೇ ಬಲ್ಲವು. ಮಣಿಕಟ್ಟಿನ ನರಗಳ ಬಣ್ಣ ನೋಡಿ ಛಾಯೆ ತಿಳಿಯಿರಿ ಎಂಬ ಪ್ರಚಲಿತ ಸಲಹೆ ಗಾಢ ಚರ್ಮದವರಿಗೆ ಉಪಯೋಗಕ್ಕೆ ಬಾರದು, ಏಕೆಂದರೆ ನರವೇ ಸರಿಯಾಗಿ ಕಾಣುವುದಿಲ್ಲ. ಬದಲಿಗೆ ಅಚ್ಚ ಬಿಳಿಯ ಬಟ್ಟೆಯನ್ನೊಮ್ಮೆ, ಕೆನೆಬಣ್ಣದ ಬಟ್ಟೆಯನ್ನೊಮ್ಮೆ ಗಲ್ಲದ ಬಳಿ ಹಿಡಿದು ಹಗಲಿನಲ್ಲಿ ಕನ್ನಡಿ ನೋಡಬೇಕು. ಕೆನೆಬಣ್ಣಕ್ಕೆ ಮುಖ ಬೆಳಗಿದರೆ ಒಳಛಾಯೆ ಹಳದಿಯ ಕಡೆಯದು, ಅಚ್ಚ ಬಿಳಿಗೆ ಬೆಳಗಿದರೆ ನೀಲಿಯ ಕಡೆಯದು. ಎರಡಕ್ಕೂ ಒಪ್ಪುವವರೂ ಇದ್ದಾರೆ, ಅವರು ಅದೃಷ್ಟವಂತರು.

ಹಳದಿ ಛಾಯೆಯವರಿಗೆ ಇಟ್ಟಿಗೆಗೆಂಪು ಮತ್ತು ಒಣಮೆಣಸಿನಕಾಯಿಯ ಕೆಂಪು ಹೊಂದುತ್ತವೆ. ಹಿಂದೂಪುರದ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಗಳನ್ನು ಕಂಡವರಿಗೆ ಈ ಬಣ್ಣವನ್ನು ಬೇರೆ ವಿವರಿಸಬೇಕಿಲ್ಲ. ಖಾರ ಕಡಿಮೆಯಿದ್ದು ಬಣ್ಣ ಹೆಚ್ಚಿರುವ ಬ್ಯಾಡಗಿ ಮೆಣಸಿನಕಾಯಿಯ ಸಾರ ಸೌಂದರ್ಯವರ್ಧಕಗಳ ತಯಾರಿಕೆಗೂ ಹೋಗುತ್ತದೆ. ನೀಲಿ ಛಾಯೆಯವರಿಗೆ ದಾಳಿಂಬೆ ಕಾಳಿನ ಕೆಂಪು, ನೇರಳೆಯತ್ತ ವಾಲುವ ಕೆಂಪು. ತೀರ ಗಾಢವರ್ಣದವರಿಗೆ ಅಚ್ಚ ರಕ್ತಗೆಂಪಿನಷ್ಟು ಮೆರುಗು ಕೊಡುವ ಬಣ್ಣ ಮತ್ತೊಂದಿಲ್ಲವೆಂಬುದು ಈ ಲೇಖಕರ ಅಭಿಪ್ರಾಯ. ಕಿತ್ತಳೆಗೆಂಪಿನ ವಿಷಯದಲ್ಲಿ ಮಾತ್ರ ತುಸು ಎಚ್ಚರ ಬೇಕು. ತಿಳಿಯಾಗಿದ್ದಷ್ಟೂ ಅದು ಮುಖದಿಂದ ಬೇರ್ಪಟ್ಟು ಕಾಣುತ್ತದೆ.

ಅಂಗಡಿಯ ಬಿಳಿಯ ಎಲ್‌ಇಡಿ ದೀಪ ಬಣ್ಣದ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ. ಹತ್ತು ಜನ ಮುಟ್ಟಿದ ಮಾದರಿ ಕಡ್ಡಿಯನ್ನು ತುಟಿಗೆ ತಾಗಿಸಲೂಬಾರದು. ಬೆರಳ ತುದಿಯ ಒಳಬದಿಗೆ ಹಚ್ಚಿಕೊಂಡು ಅಂಗಡಿಯ ಹೊರಗೆ ಬಿಸಿಲಿಗೆ ಬಂದು ನೋಡಬೇಕು. ಆ ಭಾಗದ ಬಣ್ಣ ಕೈಯ ಹೊರಬದಿಗಿಂತ ತುಟಿಯ ಬಣ್ಣಕ್ಕೆ ಹತ್ತಿರವಿರುತ್ತದೆ.

ನಮ್ಮಲ್ಲಿ ಅನೇಕರಿಗೆ ಮೇಲ್ದುಟಿ ಕಪ್ಪಾಗಿ ಕೆಳದುಟಿ ತಿಳಿಯಾಗಿರುತ್ತದೆ. ಇದು ರೋಗವಲ್ಲ, ಸಹಜ. ಆದರೆ ಒಂದೇ ಲಿಪ್‌ಸ್ಟಿಕ್ ಎರಡು ತುಟಿಗಳ ಮೇಲೆ ಎರಡು ಬಣ್ಣವಾಗಿ ಕಾಣುವುದಕ್ಕೆ ಇದೇ ಕಾರಣ. ಕಂದುಗೆಂಪು ಲಿಪ್ ಪೆನ್ಸಿಲ್‌ನಿಂದ ಅಂಚನ್ನಷ್ಟೇ ಅಲ್ಲ, ಇಡೀ ತುಟಿಯನ್ನು ತುಂಬಿ, ಅದರ ಮೇಲೆ ಕೆಂಪನ್ನು ಹಚ್ಚಬೇಕು. ಬಳಿಕ ತೆಳು ಕಾಗದವನ್ನು ತುಟಿಗಳ ನಡುವೆ ಒತ್ತಿ ತೆಗೆದು ಇನ್ನೊಂದು ಪದರ ಕೊಟ್ಟರೆ ಊಟದವರೆಗೆ ಚಿಂತೆಯಿಲ್ಲ.

2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಣಗಾಳಿ ಮಾತ್ರ ಎರಡೂ ಕಡೆ ಒಂದೇ. ಈ ಗಾಳಿಗೆ ಬಿರಿದ ತುಟಿಯ ಮೇಲೆ ಮ್ಯಾಟ್ ಲಿಪ್‌ಸ್ಟಿಕ್ ಬಿರುಕು ಬಿಟ್ಟ ಕೆರೆಯಂಗಳದಂತೆ ಕಾಣುತ್ತದೆ. ಹಚ್ಚುವ ಹತ್ತು ನಿಮಿಷ ಮುಂಚೆ ತುಪ್ಪ ಅಥವಾ ವ್ಯಾಸಲೀನ್ ಸವರಿ, ಒದ್ದೆ ಬಟ್ಟೆಯಿಂದ ಮೃದುವಾಗಿ ಒರೆಸಿದರೆ ಸಾಕು. ತುಟಿ ನೆಕ್ಕುವ ಅಭ್ಯಾಸ ಒಣಗಿಸುವುದಷ್ಟೇ ಅಲ್ಲ, ಕ್ರಮೇಣ ಕಪ್ಪಾಗಿಸುತ್ತದೆ. ಲಿಪ್‌ಸ್ಟಿಕ್‌ನ ಮುಖ್ಯ ಪದಾರ್ಥಗಳು ಮೇಣ ಮತ್ತು ಎಣ್ಣೆ, ಅದರಲ್ಲೂ ನಮ್ಮ ಹೊಲಗಳಿಗೆ ಪರಿಚಿತವಾದ ಹರಳೆಣ್ಣೆ. ಬೇಸಿಗೆಯಲ್ಲಿ ಅದನ್ನು ಕಿಟಕಿಯ ಬಳಿ ಇಟ್ಟರೆ ಮೆತ್ತಗಾಗಿ ಬೆವರುತ್ತದೆ.

ಮದುವೆಯ ಅಲಂಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ವಧುವಿನ ಮುಖಕ್ಕೆ ಅವಳ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಫೌಂಡೇಶನ್ ಬಳಿದು, ಆಮೇಲೆ ಕೆಂಪು ಒಪ್ಪುತ್ತಿಲ್ಲವೆಂದು ದೂರುವುದುಂಟು. ಕ್ಯಾಮೆರಾದ ಬೆಳಕಿಗೆ ಬೂದುಬಣ್ಣವಾಗುವುದು ಆ ಲೇಪ. ದೋಷ ಹೊರುವುದು ತುಟಿ. ಕತ್ತಿನ ಬಣ್ಣಕ್ಕೆ ಸರಿಹೊಂದುವ ಫೌಂಡೇಶನ್ ಹಚ್ಚಿರೆಂದು ಮೊದಲೇ, ಮುಂಗಡ ಕೊಡುವಾಗಲೇ, ಹೇಳುವುದು ಲೇಸು. ಸಾಧ್ಯವಾದರೆ ಒಂದು ವಾರ ಮುಂಚೆ ಧಾರೆಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಗಲಿನಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕು.

ಸಂತೆ, ಜಾತ್ರೆಗಳ ಅಗ್ಗದ ಲಿಪ್‌ಸ್ಟಿಕ್ ಕೊಳ್ಳುವ ಮುನ್ನ ಡಬ್ಬಿಯನ್ನು ತಿರುಗಿಸಿ ನೋಡುವುದು ಅಗತ್ಯ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಬಳಸುವುದನ್ನು ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ. ಆದರೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಯಾವುದೂ ಇಲ್ಲದ ಡಬ್ಬಿಯ ಒಳಗೇನಿದೆಯೆಂದು ಕೇಳುವುದು ಯಾರನ್ನು? ಹೊಸದನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ಕಾದು ನೋಡಿದರೆ ಅಲರ್ಜಿಯ ಸುಳಿವು ಸಿಗಬಹುದು. ಇನ್ನು ಸಸ್ಯಾಹಾರ ಪಾಲಿಸುವ ಮನೆಗಳವರು ಪದಾರ್ಥಗಳ ಪಟ್ಟಿಯಲ್ಲಿ 75470 ಎಂಬ ಅಂಕಿ ಇದೆಯೇ ಎಂದು ಹುಡುಕಬಹುದು. ಅದು ಕಾರ್ಮೈನ್, ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆಯುವ ಕೆಂಪು.