ಮನೆ ಕೊಟ್ಟಿಗೆಗಳಲ್ಲಿ ಓಡಾಟದ ದಾರಿ

ಹೊಸದಾಗಿ ಮನೆ ಕಟ್ಟಿಸುವ ಗೃಹಸ್ಥರು ಆಯ, ಮರಮುಟ್ಟು, ಹೆಂಚು, ಗೋಡೆಯ ದಪ್ಪ ಇವುಗಳನ್ನು ಕುರಿತು ತಿಂಗಳುಗಟ್ಟಲೆ ಆಲೋಚಿಸುವರು. ಆದರೆ ಆ ಮನೆಯಲ್ಲಿ ಯಾರು, ಏನನ್ನು ಹೊತ್ತು, ಎಲ್ಲಿಂದ ಎಲ್ಲಿಗೆ, ದಿನಕ್ಕೆಷ್ಟು ಸಲ ನಡೆಯಬೇಕಾಗುವುದೆಂದು ಯೋಚಿಸುವವರು ವಿರಳ. ಗೋಡೆ ಎದ್ದ ಮೇಲೆ ದಾರಿಯನ್ನು ಬದಲಾಯಿಸುವುದು ಬಹು ಕಷ್ಟವಾದುದರಿಂದ ಇದನ್ನು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.

ಒಕ್ಕಲುಮನೆಯಲ್ಲಿ ಮುಖ್ಯವಾದ ಓಡಾಟಗಳು ನಾಲ್ಕು: ದನಕರುಗಳದು, ನೀರು, ಸೌದೆ, ಅಡಿಗೆಗಳದು, ದವಸಧಾನ್ಯಗಳದು, ಬಂದುಹೋಗುವ ಜನರದು. ಇವುಗಳಲ್ಲಿ ಮೊದಲೆರಡು ಒಂದನ್ನೊಂದು ಹಾಯದಂತೆ ನೋಡಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆಯೇ. ಎತ್ತು ಎಮ್ಮೆಗಳು ತಲೆಬಾಗಿಲಿನಿಂದಲೇ ಒಳಹೊಕ್ಕು ಹಜಾರದ ಪಕ್ಕದಲ್ಲಿ ನಿಲ್ಲುವ ಮನೆಗಳನ್ನು ಹಿರಿಯರು ಕಟ್ಟಿದುದು ಕಳ್ಳರ ಮತ್ತು ಚಿರತೆಯ ಭಯದಿಂದ, ಅವರನ್ನು ಹಳಿಯತಕ್ಕುದಲ್ಲ. ಆದರೆ ಗೊರಸಿಗೆ ಹತ್ತಿದ ಸಗಣಿ ಗಂಜಲಗಳು ಮಕ್ಕಳು ಮಲಗುವ ನೆಲದವರೆಗೂ ಬರುವುವು. ನೊಣಗಳೂ ಹಿಂದೆಯೇ ಬರುವುವು. ಇದಕ್ಕಿಂತಲೂ ಭಯಂಕರವಾದುದು ಬೆಂಕಿ. ಅಟ್ಟದ ಹುಲ್ಲಿಗೆ ಕಿಡಿ ತಗುಲಿದರೆ ಬೆದರಿದ ದನಗಳೂ ಮನೆಮಂದಿಯೂ ಒಂದೇ ಬಾಗಿಲಿಗೆ ನುಗ್ಗಬೇಕಾಗುವುದು. ಆದುದರಿಂದ ಕೊಟ್ಟಿಗೆಗೆ ಬೇರೆ ಬಾಗಿಲಿರಲೇಬೇಕು. ಅದರ ಕದವು ಹೊರಕ್ಕೆ ತೆರೆಯಬೇಕು.

ಕೋಣೆಗಳು ಒಂದರ ಹಿಂದೊಂದಾಗಿರುವ ಮನೆಯಲ್ಲಿ ನಡುಮನೆಯು ಹೆಸರಿಗೆ ಕೋಣೆ, ವಾಸ್ತವದಲ್ಲಿ ಬೀದಿ. ಬಾಣಂತಿಯಾಗಲಿ ಜ್ವರದವರಾಗಲಿ ಅಲ್ಲಿ ಮಲಗಿದರೆ, ಹಿತ್ತಲಿಗೆ ಹೋಗುವವರೆಲ್ಲರೂ ಅವರ ಕಾಲ ಬಳಿಯಲ್ಲಿಯೇ ಹಾಯಬೇಕು. ತೊಟ್ಟಿಮನೆಯನ್ನು ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಡುವೆ ಬಯಲು, ಅದರ ಸುತ್ತಲೂ ಕಂಬಸಾಲಿನ ಪಡಸಾಲೆ, ಕೋಣೆಗಳ ಬಾಗಿಲುಗಳೆಲ್ಲ ಪಡಸಾಲೆಗೇ. ಮಳೆಯಲ್ಲಿ ನೆನೆಯದೆ, ಬೇರೊಂದು ಕೋಣೆಯನ್ನು ತುಳಿಯದೆ, ಎಲ್ಲಿಂದ ಎಲ್ಲಿಗಾದರೂ ಹೋಗಬಹುದು. ಅಷ್ಟು ಸ್ಥಳವಿಲ್ಲದವರು ಒಂದು ಪಕ್ಕದಲ್ಲಿ ಮೂರೂವರೆ ಅಡಿಯ ನಡೆಯನ್ನಾದರೂ ಬಿಡುವುದು ಒಳ್ಳೆಯದು. ಇದು ವ್ಯರ್ಥವೆಂದು ಮೇಸ್ತ್ರಿಗಳು ಹೇಳುವುದುಂಟು. ಕೋಣೆಯ ಮಧ್ಯದಲ್ಲಿ ಹಾಯುವ ದಾರಿಯೂ ಅಷ್ಟೇ ಸ್ಥಳವನ್ನು ತಿನ್ನುವುದೆಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಊರಿನ ವಿಷಯದಲ್ಲಿಯೂ ಇದೇ ನ್ಯಾಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಜನರಿಗೆ ಮುಂದಿನ ಬೀದಿ, ಹೊಲಸನ್ನು ಸಾಗಿಸುವುದಕ್ಕೆ ಹಿಂದಿನ ಗಲ್ಲಿ ಎಂದು ಬೇರೆಬೇರೆಯಾಗಿ ಬಿಟ್ಟರು.

ಕೊಟ್ಟಿಗೆಯಲ್ಲಿ ಎರಡು ಸಾಲು ದನಗಳಿದ್ದರೆ ಮುಖ ಗೋಡೆಯ ಕಡೆಗೂ ಬಾಲ ನಡುದಾರಿಯ ಕಡೆಗೂ ಇರುವಂತೆ ಕಟ್ಟುವುದು ಲೇಸು. ಮೇವು ಹಾಕುವುದು ದಿನಕ್ಕೆ ಎರಡು ಮೂರು ಸಲ. ಸಗಣಿ ಬಾಚುವುದು, ತೊಳೆಯುವುದು, ಹಾಲು ಕರೆಯುವುದು ಎಲ್ಲವೂ ಹಿಂಭಾಗದ ಕೆಲಸ. ಒಂದರ ಉಸಿರು ಮತ್ತೊಂದಕ್ಕೆ ನೇರವಾಗಿ ತಗುಲದು. ನಡುದಾರಿ 5 ಅಡಿ, ಅದರ ಎರಡು ಅಂಚಿಗೂ ಒಂದೊಂದಡಿಯ ಗಂಜಲದ ಕಾಲುವೆ, ಬಾಗಿಲು 7 ಅಡಿ ಇದ್ದರೆ ಸಾಕು. ರೋಗದ ದನಕ್ಕೆ ಬೇರೆ ಜಾಗವೂ ಬೇರೆ ದಾರಿಯೂ ಬೇಕು. ಕಾಲುಬಾಯಿ ಜ್ವರವು ನೋಡಿಕೊಳ್ಳುವವರ ಕೈಕಾಲು ಬಟ್ಟೆಗಳಿಂದಲೂ ಹರಡುವುದಾದುದರಿಂದ, ಆರೋಗ್ಯವಾಗಿರುವ ದನಗಳ ಕೆಲಸವನ್ನು ಮುಗಿಸಿದ ಮೇಲೆಯೇ ಅದರ ಬಳಿಗೆ ಹೋಗತಕ್ಕದ್ದು.

ಇನ್ನು ದೂರದ ವಿಚಾರ. ಅಡಿಗೆಮನೆಯಿಂದ ನೀರಿನ ಸ್ಥಳವು 40 ಅಡಿ ಹೆಚ್ಚು ದೂರವಾಗಿ, ದಿನಕ್ಕೆ 10 ಸಲ ಹೋಗಿಬರುವುದಾದರೆ 800 ಅಡಿಯಾಯಿತು. ವರ್ಷಕ್ಕೆ ಸುಮಾರು 55 ಮೈಲಿ. ಅದರಲ್ಲಿ ಅರ್ಧದಷ್ಟು ದಾರಿಯನ್ನು ಮನೆಯ ಹೆಂಗಸರು ತುಂಬಿದ ಕೊಡವನ್ನು ಹೊತ್ತು ನಡೆಯುವರು. ಹಾಗೆಂದು ಎಲ್ಲವನ್ನೂ ಒತ್ತಟ್ಟಿಗೆ ತರಲಾಗದು. ಬಾವಿಗೂ ಗೊಬ್ಬರದ ಗುಂಡಿಗೂ 50 ಅಡಿಗೆ ಕಡಿಮೆ ಅಂತರವಿರಕೂಡದು.

ತಳಪಾಯ ತೋಡುವ ಮೊದಲು ನಿವೇಶನದ ಮೇಲೆ ಬೂದಿಯಿಂದ ಗೆರೆಯೆಳೆದು, ಕೊಡ ಹಿಡಿದು ನಡೆದು ನೋಡುವಂತೆ ಮನೆಯ ಹೆಂಗಸರನ್ನು ಕೇಳಿಕೊಳ್ಳಬೇಕು. ಒಂದು ಜೊತೆ ಎತ್ತುಗಳನ್ನೂ ಆ ಗೆರೆಗಳ ನಡುವೆ ಹೊಡೆದು ತಿರುಗಿಸಿ ನೋಡಬೇಕು. ಕೊಂಬು ಗೆರೆಯನ್ನು ದಾಟಿದರೆ ಅದನ್ನು ಅಳಿಸಿ ಇನ್ನೊಂದನ್ನು ಎಳೆಯಬಹುದು.